ತಳ ಮುಟ್ಟಿದ ಟ್ಯಾಂಕು: ಮೋಟಾರು ನಡೆಸುವವರಿಗೊಂದು ಪಾಠ

ನಮ್ಮ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ಟ್ಯಾಕ್ಸಿ ನಡೆಸುವವರಿದ್ದಾರೆ, ಸಾಹೇಬರ ಕಾರು ನಡೆಸುವವರಿದ್ದಾರೆ, ಕಂತಿನ ಮೇಲೆ ಚಿಕ್ಕದೊಂದು ಕಾರು ಕೊಂಡು ರಜೆಯಲ್ಲಿ ಊರಿಗೆ ಹೋಗಿ ಬರುವ ಗುಮಾಸ್ತರೂ ಇದ್ದಾರೆ. ಪೆಟ್ರೋಲಿನ ಮುಳ್ಳು ಕೆಳಗಿನ ಗೆರೆಗೆ ತಾಗಿ, ಪಕ್ಕದಲ್ಲಿ ಹಳದಿ ದೀಪ ಹೊತ್ತಿಕೊಂಡಿರುವ ನೋಟ ಇವರೆಲ್ಲರಿಗೂ ಪರಿಚಿತವಾದದ್ದು. "ಇನ್ನೂ ಓಡುತ್ತದೆ, ನಾಳೆ ಹಾಕಿಸೋಣ" ಎನ್ನುವವರೇ ಹೆಚ್ಚು.

ಇದನ್ನು ಸೋಮಾರಿತನವೆಂದು ಬೈಯುವುದು ಸುಲಭ. ಆದರೆ ದಿನದ ಗಳಿಕೆಯಲ್ಲಿ ಮಾಲಿಕನ ಬಾಡಿಗೆ ಕೊಟ್ಟು, ಮನೆಗೆ ಅಕ್ಕಿಬೇಳೆ ಒಯ್ದು, ಉಳಿದ ಇನ್ನೂರು ರೂಪಾಯಿಗೆ ಪೆಟ್ರೋಲು ಹಾಕಿಸುವವನು ಸೋಮಾರಿಯಲ್ಲ. ಅವನ ಕೈ ಬಿಗಿಯಾಗಿದೆ, ಅಷ್ಟೆ. ಆದಕಾರಣ ಇಲ್ಲಿ ನಾವು ಉಪದೇಶ ಮಾಡಹೊರಟಿಲ್ಲ. ಬರಿದಾಗುತ್ತಿರುವ ಟ್ಯಾಂಕಿನಿಂದ ಗಾಡಿಗೆ ಏನಾಗುತ್ತದೆ, ಗಾಡಿಯಲ್ಲಿ ಕುಳಿತವರಿಗೆ ಏನಾಗಬಹುದು, ನಮ್ಮ ಕಿಸೆಗೆ ನಿಜವಾಗಿ ಏನು ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಲೆಕ್ಕ ಹಾಕಿ ನೋಡೋಣ.

೧. ಮುಳ್ಳು ಹೇಳುವುದೇನು?

ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಬೆಂಡು ಉಂಟು. ಅದಕ್ಕೊಂದು ಕಡ್ಡಿ. ಪೆಟ್ರೋಲು ಇಳಿದಂತೆ ಬೆಂಡು ಇಳಿಯುತ್ತದೆ, ಕಡ್ಡಿ ವಾಲುತ್ತದೆ. ಅದರಿಂದ ತಂತಿಯಲ್ಲಿ ಹರಿಯುವ ವಿದ್ಯುತ್ತು ಹೆಚ್ಚುಕಡಿಮೆಯಾಗಿ ಎದುರಿನ ಮುಳ್ಳು ಕದಲುತ್ತದೆ. ಎಂದರೆ ಮುಳ್ಳು ತೋರಿಸುವುದು ಬೆಂಡು ನಿಂತ ಎತ್ತರವನ್ನು. ಲೀಟರುಗಳನ್ನು ಅದು ಎಣಿಸುವುದಿಲ್ಲ.

ಕಾರಿನ ಟ್ಯಾಂಕು ಕೊಡದಂತೆ ನೆಟ್ಟಗೆ ನಿಂತಿರುವುದಿಲ್ಲ. ಹಿಂದಿನ ಸೀಟಿನ ಕೆಳಗೆ ಇದ್ದ ಜಾಗಕ್ಕೆ ತಕ್ಕಂತೆ ಚಪ್ಪಟೆಯಾಗಿ, ಅಂಕುಡೊಂಕಾಗಿ ಮಲಗಿರುತ್ತದೆ. ತಟ್ಟೆಯಲ್ಲಿ ಸ್ವಲ್ಪವೇ ಸಾರು ಹಾಕಿ ವಾಲಿಸಿ ನೋಡಿರಿ: ಸಾರೆಲ್ಲ ಒಂದು ಅಂಚಿಗೆ ಓಡಿ, ಇನ್ನೊಂದು ಅಂಚು ಒಣಗುತ್ತದೆ. ಟ್ಯಾಂಕಿನಲ್ಲೂ ಹೀಗೆಯೇ. ಏರು ರಸ್ತೆಯಲ್ಲಿ ಪೆಟ್ರೋಲು ಹಿಂದಕ್ಕೆ ಸರಿಯುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ. ಟ್ಯಾಂಕು ತುಂಬಿರುವಾಗ ಇದರಿಂದ ಬಾಧೆಯಿಲ್ಲ. ತಳದಲ್ಲಿರುವಾಗ ಪೆಟ್ರೋಲು ಎಳೆಯುವ ಬಾಯಿ ಒಂದು ಕ್ಷಣ ಗಾಳಿಗೆ ತೆರೆದುಕೊಳ್ಳಬಹುದು.

ಹಿಂದಿನ ಸ್ಕೂಟರುಗಳಲ್ಲಿ ರಿಸರ್ವ್ ನಲ್ಲಿ ಇತ್ತು. ಟ್ಯಾಂಕಿನೊಳಗೆ ಒಂದು ನಳಿಗೆ ಉದ್ದ, ಒಂದು ಗಿಡ್ಡ. ಉದ್ದ ನಳಿಗೆಯ ಬಾಯಿಗಿಂತ ಪೆಟ್ರೋಲು ಕೆಳಗಿಳಿದರೆ ಎಂಜಿನು ಮುಗ್ಗರಿಸುತ್ತಿತ್ತು. ಸವಾರ ಕೈಹಾಕಿ ನಲ್ಲಿ ತಿರುಗಿಸಿದರೆ ಗಿಡ್ಡ ನಳಿಗೆಯಿಂದ ಉಳಿದದ್ದು ಹರಿಯುತ್ತಿತ್ತು. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೂ ೧೯೬೧ರವರೆಗೆ ಪೆಟ್ರೋಲಿನ ಮುಳ್ಳೇ ಇರಲಿಲ್ಲ, ಇಂಥ ನಲ್ಲಿಯೇ ಗತಿ. ಆ ಏರ್ಪಾಡಿನಲ್ಲಿ ಒಂದು ಗುಣವಿತ್ತು: ಮೀಸಲಿಗೆ ಕೈಹಾಕುತ್ತಿದ್ದೇನೆಂಬುದು ಸವಾರನ ಕೈಗೇ ತಿಳಿಯುತ್ತಿತ್ತು. ಈಗಿನ ದೀಪ ಹಾಗೆ ತಡೆಯುವುದಿಲ್ಲ. ತನ್ನ ಪಾಡಿಗೆ ಉರಿಯುತ್ತದೆ, ನಾಲ್ಕು ದಿನದಲ್ಲಿ ಕಣ್ಣಿಗೆ ಅಭ್ಯಾಸವಾಗುತ್ತದೆ.

೨. ಟ್ಯಾಂಕಿನೊಳಗಿನ ಪಂಪು

ಮುಂಬಯಿಯ ರಸ್ತೆಗಳಿಂದ ೨೦೨೩ರ ಅಕ್ಟೋಬರಿನಲ್ಲಿ ಬೀಳ್ಕೊಂಡ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯನ್ನು ನಡೆಸಿದ ಹಿರಿಯರು ನಮ್ಮಲ್ಲಿದ್ದಾರೆ. ಅದರಲ್ಲಿ ಪೆಟ್ರೋಲಿನ ಪಂಪು ಎಂಜಿನಿನ ಪಕ್ಕದಲ್ಲೇ ಇರುತ್ತಿತ್ತು. ಎಂಜಿನು ತಿರುಗಿದಂತೆ ಅದೂ ದುಡಿಯುತ್ತಿತ್ತು. ಟ್ಯಾಂಕು ಬರಿದಾದರೆ ಗಾಡಿ ನಿಲ್ಲುತ್ತಿತ್ತು, ಪೆಟ್ರೋಲು ಸುರಿದರೆ ಹೊರಡುತ್ತಿತ್ತು. ಆ ಕಾಲದ ಧೈರ್ಯವನ್ನು ಈಗಿನ ಗಾಡಿಯ ಮೇಲೆ ತೋರಿಸಬಾರದು. ಈಗಿನ ಪೆಟ್ರೋಲು ಕಾರುಗಳಲ್ಲಿ ವಿದ್ಯುತ್ ಪಂಪು ಟ್ಯಾಂಕಿನ ಒಳಗೇ ಇದೆ. ಅದನ್ನು ತಣ್ಣಗಿಡುವುದು ಅದರ ಸುತ್ತಲೂ ಒಳಗೂ ಹರಿಯುವ ಪೆಟ್ರೋಲೇ. ಪೆಟ್ರೋಲಿಗೆ ಬದಲು ಗಾಳಿ ಎಳೆದರೆ ಪಂಪು ಕಾಯುತ್ತದೆ, ಸವೆಯುತ್ತದೆ. ಒಂದು ದಿನದಲ್ಲಿ ಕೆಡದೆ ಇರಬಹುದು. ದಿನವೂ ತಳದಲ್ಲೇ ಓಡಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಬದಲಾಯಿಸಲು ಕೆಲವು ಸಾವಿರ ರೂಪಾಯಿ ಬೇಕು.

ಪೆಟ್ರೋಲು ತಡೆತಡೆದು ಬಂದಾಗ ಎಂಜಿನು ಕೆಮ್ಮಿದಂತಾಗುತ್ತದೆ. ಆಗ ಸರಿಯಾಗಿ ಸುಡದ ಪೆಟ್ರೋಲು ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ, ಅಲ್ಲಿ ಉರಿದು ಅದನ್ನು ಅತಿಯಾಗಿ ಕಾಯಿಸಬಹುದು. ಇದು ಪಂಪಿಗಿಂತಲೂ ದುಬಾರಿಯ ಭಾಗ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. "ಟ್ಯಾಂಕು ತಳಕ್ಕೆ ಬಂದಾಗ ಮಾತ್ರ ಕಸ ಎಂಜಿನಿಗೆ ಹೋಗುತ್ತದೆ" ಎಂದು ಹಲವರು ಹೇಳುವುದುಂಟು. ಪಂಪು ಯಾವಾಗಲೂ ತಳದ ಹತ್ತಿರದಿಂದಲೇ ಎಳೆಯುತ್ತದೆ, ಎದುರಿಗೆ ಜಾಲರಿಯೂ ಇದೆ. ಹೆದರಬೇಕಾದದ್ದು ಕಸಕ್ಕಿಂತ ಹೆಚ್ಚಾಗಿ ಬಿಸಿಗೆ ಮತ್ತು ಗಾಳಿಗೆ.

ಗ್ಯಾಸಿನ ಗಾಡಿ ನಡೆಸುವವರು ಇದು ತಮಗಲ್ಲವೆಂದು ತಿಳಿಯಬಾರದು. ಹಲವು ಸಿ.ಎನ್.ಜಿ. ಗಾಡಿಗಳು ಪೆಟ್ರೋಲಿನಲ್ಲಿ ಚಾಲೂ ಆಗಿ ಆಮೇಲೆ ಗ್ಯಾಸಿಗೆ ತಿರುಗುತ್ತವೆ. ಪೆಟ್ರೋಲು ಟ್ಯಾಂಕನ್ನು ಮರೆತುಬಿಟ್ಟರೆ ಅದರೊಳಗಿನ ಪಂಪಿಗೂ ಇದೇ ಗತಿ. ಗ್ಯಾಸಿನ ಸಾಲು ಉದ್ದವಿದ್ದ ದಿನ ಕೈಹಿಡಿಯುವುದೂ ಆ ಪೆಟ್ರೋಲೇ. ಡೀಸೆಲ್ ಗಾಡಿಯಲ್ಲಿ ಟ್ಯಾಂಕು ಪೂರ್ತಿ ಬರಿದಾದರೆ ನಳಿಗೆಗಳಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಹಲವು ಗಾಡಿಗಳಲ್ಲಿ ಡೀಸೆಲ್ ಸುರಿದ ಮಾತ್ರಕ್ಕೆ ಎಂಜಿನು ಹೊರಡುವುದಿಲ್ಲ, ಗಾಳಿ ತೆಗೆಯಲು ಮೆಕ್ಯಾನಿಕನೇ ಬರಬೇಕಾದೀತು.

೩. ಘಟ್ಟದ ಲೆಕ್ಕ

ಈಗಿನ ಕಾರುಗಳು "ಇನ್ನು ೫೦ ಕಿಲೋಮೀಟರು ಓಡುತ್ತದೆ" ಎಂದು ಅಂಕಿ ತೋರಿಸುತ್ತವೆ. ಈ ಅಂಕಿಯನ್ನು ಗಾಡಿ ಹಿಂದೆ ಓಡಿದ ದಾರಿಯ ಸರಾಸರಿಯಿಂದ ಕಟ್ಟುತ್ತದೆ. ಮುಂದೆ ಬರುವ ದಾರಿ ಅದಕ್ಕೆ ತಿಳಿಯದು. ಒಂದು ಉದಾಹರಣೆ ತೆಗೆದುಕೊಳ್ಳೋಣ.

ಮುಂಬಯಿಯಿಂದ ಪುಣೆಯ ಮೇಲೆ ಬೆಳಗಾವಿ, ಹುಬ್ಬಳ್ಳಿಗೆ ಹೋಗುವವರು ಬೋರ್ ಘಟ್ಟ ಹತ್ತಲೇಬೇಕು. ಕೆಳಗಿನ ಖೋಪೋಲಿ ಸಮುದ್ರಮಟ್ಟದಿಂದ ಸುಮಾರು ೬೦ ಮೀಟರು ಎತ್ತರದಲ್ಲಿದೆ, ಮೇಲಿನ ಲೋಣಾವಳ ಸುಮಾರು ೬೨೦ ಮೀಟರು. ನಡುವೆ ಹಳೆಯ ರಸ್ತೆಯಲ್ಲಿ ಸುಮಾರು ೧೫ ಕಿಲೋಮೀಟರು. ಗಾಡಿ, ಜನ, ಸಾಮಾನು ಸೇರಿ ೧,೨೦೦ ಕಿಲೋ ಎಂದಿಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಲೀಟರಿಗೆ ೨೦ ಕಿಲೋಮೀಟರು ಓಡುವ ಈ ಗಾಡಿಯಲ್ಲಿ ಎರಡೂವರೆ ಲೀಟರು ಉಳಿದಿದೆ. ಅಂಕಿ ೫೦ ತೋರಿಸುತ್ತಿದೆ.

ಹದಿನೈದು ಕಿಲೋಮೀಟರು ಸುಮ್ಮನೆ ಓಡುವುದಕ್ಕೆ ಮುಕ್ಕಾಲು ಲೀಟರು ಬೇಕು. ಇದರ ಮೇಲೆ ೧,೨೦೦ ಕಿಲೋ ಭಾರವನ್ನು ೫೬೦ ಮೀಟರು ಮೇಲಕ್ಕೆ ಎತ್ತಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗ ಮಾತ್ರ ಚಕ್ರಕ್ಕೆ ಮುಟ್ಟುತ್ತದೆಂದು ಹಿಡಿದರೆ, ಈ ಎತ್ತುವ ಕೆಲಸಕ್ಕೇ ಸುಮಾರು ೦.೮ ಲೀಟರು ಖರ್ಚು. ಮೇಲೆ ತಲಪಿದಾಗ ಉಳಿಯುವುದು ಒಂದು ಲೀಟರಿಗೂ ಕಡಿಮೆ. ೫೦ರಲ್ಲಿ ೧೫ ಕಳೆದು ೩೫ ಉಳಿಯಬೇಕಾದಲ್ಲಿ, ೨೦ಕ್ಕೂ ಕಡಿಮೆ ಉಳಿಯಿತು. ಲಾರಿಗಳ ಹಿಂದೆ ಸಾಲಿನಲ್ಲಿ ನಿಂತರೆ ಅದೂ ಇಲ್ಲ.

ಇಳಿಯುವಾಗ ಪೆಟ್ರೋಲು ಉಳಿಸಲೆಂದು ಗೇರು ಬಿಡಿಸಿ, ನ್ಯೂಟ್ರಲಿನಲ್ಲಿ ಬಿಡುವ ಅಭ್ಯಾಸ ಕೆಲವರಿಗಿದೆ. ಇದು ಪ್ರಾಣಕ್ಕೆ ಎರವಾಗುವ ಮಿತವ್ಯಯ. ಈಗಿನ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನಿಗೆ ಪೆಟ್ರೋಲು ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲಿನಲ್ಲಾದರೆ ಎಂಜಿನು ಜೀವ ಹಿಡಿಯಲು ಪೆಟ್ರೋಲು ಸುಡಲೇಬೇಕು. ಎಂದರೆ ಉಳಿತಾಯವೂ ಇಲ್ಲ, ಎಂಜಿನು ಗಾಡಿಯನ್ನು ಹಿಡಿದಿಡುವ ಅನುಕೂಲವೂ ಇಲ್ಲ. ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಬ್ರೇಕು ಕಾದು ಸೋಲುತ್ತದೆ.

೪. ಗಾಡಿ ನಿಂತೇಹೋದರೆ

ಓಡುವಾಗ ಎಂಜಿನು ನಿಂತರೆ ಸ್ಟೀರಿಂಗು ಭಾರವಾಗುತ್ತದೆ. ಬ್ರೇಕಿಗೆ ಬಲ ಕೊಡುವ ಏರ್ಪಾಡಿನಲ್ಲಿ ಎರಡು ಮೂರು ಸಲ ಒತ್ತುವಷ್ಟೇ ಶಕ್ತಿ ಉಳಿದಿರುತ್ತದೆ. ಆಮೇಲೆ ಬ್ರೇಕು ಕಲ್ಲಿನಂತೆ ಗಟ್ಟಿ. ಆದ್ದರಿಂದ ಗಾಬರಿಯಾಗಿ ಬ್ರೇಕನ್ನು ಮತ್ತೆ ಮತ್ತೆ ತುಳಿಯಬಾರದು. ಕೀಲಿಯನ್ನು ಹೊರಗೆ ತೆಗೆಯಲೇಬಾರದು. ಸ್ಟೀರಿಂಗಿಗೆ ಬೀಗ ಬಿದ್ದೀತು. ನಾಲ್ಕೂ ಸೂಚನಾದೀಪ ಹಾಕಿ, ಇರುವ ವೇಗದಲ್ಲೇ ಎಡಗಡೆಯ ಅಂಚಿಗೆ ಸೇರಿ, ಬ್ರೇಕನ್ನು ಒಮ್ಮೆ ಬಿಗಿಯಾಗಿ ಒತ್ತಿ ಹಿಡಿದು ನಿಲ್ಲಿಸತಕ್ಕದ್ದು. ಹೆದ್ದಾರಿಯಲ್ಲಿ ಹೆಂಡತಿ ಮಕ್ಕಳನ್ನು ಗಾಡಿಯೊಳಗೇ ಕೂಡಿಸಿಡಬೇಡಿರಿ. ಎಡಬದಿಯ ಬಾಗಿಲಿನಿಂದ ಇಳಿಸಿ, ತಡೆಕಂಬಿಯ ಆಚೆ ನಿಲ್ಲಿಸಿರಿ. ಹಿಂದಿನಿಂದ ಬರುವ ಲಾರಿಗೆ ಕಾಣುವಂತೆ ಕೆಂಪು ತ್ರಿಕೋನವನ್ನು ದೂರದಲ್ಲಿಡಿರಿ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ೧೦೩೩ಕ್ಕೆ, ಪ್ರಾಣಾಪಾಯವಿದ್ದರೆ ಎಲ್ಲೆಡೆ ೧೧೨ಕ್ಕೆ ಫೋನು ಮಾಡಬಹುದು. ಇತರರಿಗೆ ಅಪಾಯವಾಗುವಂತೆ ಗಾಡಿಯನ್ನು ರಸ್ತೆಯಲ್ಲಿ ಬಿಡುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೨ನೆಯ ಕಲಮು ನಿಷೇಧಿಸುತ್ತದೆಂಬುದೂ ನೆನಪಿರಲಿ.

ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ತರಬಾರದು. ಅದರ ಆವಿ ಗಾಳಿಗಿಂತ ಭಾರ; ನೆಲದ ಮೇಲೆ ಹರಿದು ದೂರದ ಬೀಡಿಯ ಕಿಡಿಗೂ ಹೊತ್ತಿಕೊಳ್ಳುತ್ತದೆ. ಇನ್ನೊಂದು ಗಾಡಿಯಿಂದ ಕೊಳವೆ ಹಾಕಿ ಬಾಯಿಂದ ಎಳೆಯುವ ಸಾಹಸವಂತೂ ಬೇಡವೇ ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ಪೆಟ್ರೋಲು ಹಾಕಿದ ಮೇಲೆ ಕೂಡಲೆ ಸ್ಟಾರ್ಟರನ್ನು ಉಜ್ಜದೆ, ಕೀಲಿಯನ್ನು ಎರಡು ಮೂರು ಸಲ ಅರ್ಧ ತಿರುಗಿಸಿ ಕೆಲವು ಕ್ಷಣ ತಡೆಯಿರಿ. ಪಂಪು ನಳಿಗೆಗಳನ್ನು ತುಂಬಿದ ಮೇಲೆ ಚಾಲೂ ಮಾಡಿರಿ.

೫. ಕಾಸಿನ ಲೆಕ್ಕ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಟ್ಯಾಂಕಿನಲ್ಲಿ ಪೆಟ್ರೋಲು ಇಟ್ಟುಕೊಂಡರೆ ಖರ್ಚು ಹೆಚ್ಚಲ್ಲವೆ?

ಹೆಚ್ಚಲ್ಲ. ೩೨ ಲೀಟರು ಟ್ಯಾಂಕಿನ ಗಾಡಿ ದಿನಕ್ಕೆ ನಾಲ್ಕು ಲೀಟರು ಸುಡುತ್ತದೆನ್ನೋಣ. ತಳದಲ್ಲಿಟ್ಟು ಓಡಿಸುವವನೂ ದಿನಕ್ಕೆ ನಾಲ್ಕು ಲೀಟರೇ ಕೊಳ್ಳಬೇಕು. ಕಾಲು ಟ್ಯಾಂಕು ಉಳಿಸಿಕೊಂಡು ಓಡಿಸುವವನೂ ನಾಲ್ಕು ಲೀಟರೇ. ವ್ಯತ್ಯಾಸವೆಂದರೆ ಎರಡನೆಯವನು ಒಂದೇ ಒಂದು ಸಲ ಎಂಟು ಲೀಟರು ಹೆಚ್ಚು ಕೊಂಡಿದ್ದಾನೆ. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೆ ಎಂಟುನೂರು ರೂಪಾಯಿ. ಇದನ್ನು ಖರ್ಚು ಎನ್ನಲಾಗದು. ಮನೆ ಹಿಡಿಯುವಾಗ ಕೊಟ್ಟ ಮುಂಗಡದಂತೆ ಅದು ಟ್ಯಾಂಕಿನಲ್ಲೇ ಕುಳಿತಿರುತ್ತದೆ. ಅಗತ್ಯ ಬಿದ್ದ ದಿನ ನಮ್ಮದೇ. ಎಂಟುನೂರು ಒಮ್ಮೆಗೇ ಕೂಡದಿದ್ದರೆ ದಿನಕ್ಕೆ ಐವತ್ತು ರೂಪಾಯಿಯಂತೆ ಹೆಚ್ಚು ಹಾಕಿಸಿರಿ. ಹದಿನಾರು ದಿನದಲ್ಲಿ ಮೀಸಲು ಸಿದ್ಧ. ಆಮೇಲೆ ಮತ್ತೆ ಹಳೆಯ ಖರ್ಚೇ.

"ಭಾರ ಹೆಚ್ಚಾಗಿ ಮೈಲೇಜು ಬೀಳುತ್ತದೆ" ಎಂಬ ಮಾತೂ ಉಂಟು. ಎಂಟು ಲೀಟರು ಪೆಟ್ರೋಲಿನ ತೂಕ ಸುಮಾರು ಆರು ಕಿಲೋ. ೧,೨೦೦ ಕಿಲೋ ಗಾಡಿಯಲ್ಲಿ ನೂರಕ್ಕೆ ಅರ್ಧ ಪಾಲು. ಡಿಕ್ಕಿಯಲ್ಲಿ ಮರೆತುಬಿಟ್ಟ ಹಳೆಯ ಸಾಮಾನೇ ಅದಕ್ಕಿಂತ ಭಾರವಿದ್ದೀತು. "ನಾಳೆ ದರ ಇಳಿದೀತು" ಎಂದು ಕಾಯುವುದೂ ಹಾಗೆಯೇ. ದಿನದಿನವೂ ದರ ಪರಿಷ್ಕರಿಸುವ ಪದ್ಧತಿ ೨೦೧೭ರ ಜೂನ್ ೧೬ರಿಂದ ಬಂದಿದೆ. ಲೀಟರಿಗೆ ಹತ್ತು ಪೈಸೆ ಇಳಿದರೆ ಎಂಟು ಲೀಟರಿಗೆ ಉಳಿಯುವುದು ಎಂಬತ್ತು ಪೈಸೆ.

ಇಬ್ಬರು ಪಾಳಿಯ ಮೇಲೆ ನಡೆಸುವ ಟ್ಯಾಕ್ಸಿಯಲ್ಲಿ ತೊಡಕು ಬೇರೆ. ತನ್ನ ಕಾಸಿನ ಪೆಟ್ರೋಲನ್ನು ಇನ್ನೊಬ್ಬ ಸುಡಬಾರದೆಂದು ಒಬ್ಬೊಬ್ಬನೂ ಟ್ಯಾಂಕು ಬರಿದು ಮಾಡಿ ಒಪ್ಪಿಸಿದರೆ, ಮಧ್ಯರಾತ್ರಿ ನಡುರಸ್ತೆಯಲ್ಲಿ ನಿಲ್ಲುವವನು ಇಬ್ಬರಲ್ಲೊಬ್ಬನೇ. ಇಬ್ಬರೂ ನಾನೂರು ನಾನೂರು ಹಾಕಿ ಮೀಸಲು ತುಂಬಿ, ಕಾಲು ಗೆರೆಯಲ್ಲಿ ಒಪ್ಪಿಸುವ, ಕಾಲು ಗೆರೆಯಲ್ಲಿ ತೆಗೆದುಕೊಳ್ಳುವ ಕರಾರು ಮಾಡಿಕೊಂಡರೆ ಜಗಳವಿಲ್ಲ. ಸಾಹೇಬರ ಕಾರು ನಡೆಸುವವರು ಮುಳ್ಳು ಅರ್ಧಕ್ಕೆ ಬಂದ ಸಂಜೆಯೇ "ಪೆಟ್ರೋಲು ಹಾಕಿಸಬೇಕು ಸಾರ್" ಎಂದು ತಿಳಿಸಿಬಿಡುವುದು ಒಳ್ಳೆಯದು. ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೊರಟಾಗ ಹೇಳಿದರೆ ತಪ್ಪು ಡ್ರೈವರನ ತಲೆಗೇ ಬರುತ್ತದೆ.

ನೆನಪಿಡತಕ್ಕ ಮಾತುಗಳು

(೧) ಕಾಲು ಟ್ಯಾಂಕಿನ ಗೆರೆಯನ್ನೇ ಸೊನ್ನೆಯೆಂದು ತಿಳಿಯತಕ್ಕದ್ದು.
(೨) ಘಟ್ಟಕ್ಕೆ ಮುಂಚೆ, ರಾತ್ರಿ ಪ್ರಯಾಣಕ್ಕೆ ಮುಂಚೆ, ಮಳೆಗಾಲದಲ್ಲಿ ಊರಿಗೆ ಹೊರಡುವ ಮುಂಚೆ ಅರ್ಧಕ್ಕೆ ಕಡಿಮೆ ಇರಬಾರದು.
(೩) ದೀಪ ಹೊತ್ತಿದರೆ ಎ.ಸಿ. ಆರಿಸಿ, ಒಂದೇ ಸಮನಾದ ಮಧ್ಯಮ ವೇಗದಲ್ಲಿ ಮೊದಲು ಸಿಕ್ಕುವ ಪಂಪಿಗೆ ಹೋಗುವುದು. ಅಗ್ಗದ ಪಂಪನ್ನು ಹುಡುಕುವ ಹೊತ್ತು ಅದಲ್ಲ.
(೪) ದೀಪ ಹೊತ್ತಿದ ಮೇಲೆ ಎಷ್ಟು ಲೀಟರು ಉಳಿದಿರುತ್ತದೆಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳುವುದು.

ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳಿದ್ದು ಮನೆಗೆ ಹೇಗೋ ಗಾಡಿಗೂ ಹಾಗೆಯೇ. ಪರಸ್ಥಳದಲ್ಲಿ ದುಡಿಯುವ ನಮಗೆ ಗಾಡಿ ನಿಂತ ದಿನ ಗಳಿಕೆಯೂ ನಿಂತಂತೆ. ಹದಿನಾರು ದಿನ ಐವತ್ತೈವತ್ತರಂತೆ ಕೂಡಿಸಿದ ಆ ಎಂಟು ಲೀಟರು, ನಮ್ಮ ಗಾಡಿಯಲ್ಲಿ ನಂಬಿ ಕುಳಿತವರನ್ನು ಮನೆ ಮುಟ್ಟಿಸುವ ಮೀಸಲು. ಅದನ್ನು ಮುಟ್ಟದೆ ಇಟ್ಟುಕೊಳ್ಳೋಣ.