ಮೊಬೈಲ್ ಮೊಂಡು ಹಿಡಿದರೆ ಮೊದಲು ಬಂದ್ ಮಾಡಿ, ಚಾಲೂ ಮಾಡಿ

ಎರಡು ವರ್ಷದ ಹಿಂದಿನ ಮಾತು. ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಕಡಲೆ ಹೊಲದ ಫೋಟೋ ಹಾಕಬೇಕಿತ್ತು. ಬೆಳೆವಿಮೆಗೆ, ಬೆಳೆಹಾನಿ ಪರಿಹಾರಕ್ಕೆ ಈ ದಾಖಲೆಯನ್ನೇ ನೋಡುತ್ತಾರೆ. ಹೊಲದ ನಡುವೆ ನಿಂತಿದ್ದರೂ ಮೊಬೈಲ್ ನಾನು ಬೇರೆಲ್ಲೋ ಇದ್ದೇನೆಂದು ತೋರಿಸುತ್ತಿತ್ತು. ಆಮೇಲೆ ಪರದೆಯೇ ನಿಂತುಬಿಟ್ಟಿತು.

ಪೇಟೆಯ ಅಂಗಡಿಗೆ ಒಯ್ದೆ. ಅವರು ಒಳಗಿದ್ದದ್ದನ್ನೆಲ್ಲ ಅಳಿಸಿ ಕೊಟ್ಟರು. ಮೊಬೈಲೇನೋ ನಡೆಯಿತು. ಆದರೆ ನಾಲ್ಕು ವರ್ಷದಿಂದ ಬರೆದಿಟ್ಟಿದ್ದ ಮಳೆ, ಬಿತ್ತನೆಯ ಲೆಕ್ಕ ಹೋಯಿತು. ಮರುವರ್ಷ ಅದೇ ತೊಂದರೆ. ಜೊತೆಗಿದ್ದ ತಮ್ಮನ ಮಗಳು, "ದೊಡ್ಡಪ್ಪ, ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ" ಅಂದಳು. ಎರಡೇ ನಿಮಿಷ, ಕೆಲಸ ಆಯಿತು!

ಯಾಕೆ ಸರಿಯಾಗುತ್ತದೆ?

ಮೊಬೈಲು, ಕಂಪ್ಯೂಟರುಗಳಲ್ಲಿ ಎರಡು ಜಾಗ ಇರುತ್ತವೆ. ಕೆಲಸ ಮಾಡುವ ಜಾಗ ರ್ಯಾಮ್. ಇದು ನಮ್ಮ ಕಣ ಇದ್ದಂತೆ. ಫೋಟೋ, ನಂಬರು ಕೂಡಿಡುವ ಜಾಗ ಹಗೇವು ಇದ್ದಂತೆ. ದಿನಗಟ್ಟಲೆ ಬಂದ್ ಮಾಡದಿದ್ದರೆ ಕಣದಲ್ಲಿ ಹೊಟ್ಟು, ಕಸ ತುಂಬುತ್ತದೆ. ಯಾವುದೋ ಆ್ಯಪು ಅರ್ಧಕ್ಕೆ ಸಿಕ್ಕಿಕೊಂಡಿರುತ್ತದೆ. ಬಂದ್ ಮಾಡಿದರೆ ಕಣ ಗುಡಿಸಿದಂತೆ. ಹಗೇವಿನ ಕಾಳು ಹಾಗೇ ಇರುತ್ತದೆ. ಅಂಗಡಿಯವರು ಮಾಡಿದ್ದು 'ಫ್ಯಾಕ್ಟರಿ ರೀಸೆಟ್'. ಅದು ಹಗೇವನ್ನೇ ಬರಿದು ಮಾಡುವ ಕೆಲಸ. ಎರಡೂ ಒಂದೇ ಅಲ್ಲ.

ಹೇಗೆ ಮಾಡಬೇಕು?

• ಅರ್ಧ ತುಂಬಿದ ಅರ್ಜಿ ಇದ್ದರೆ ಮೊದಲು ಸೇವ್ ಮಾಡಿ. ಮಾಡದಿದ್ದರೆ ಅದು ಹೋಗುತ್ತದೆ.
• ಪವರ್ ಗುಂಡಿ ಒತ್ತಿ ಹಿಡಿದು 'ರೀಸ್ಟಾರ್ಟ್' ಆರಿಸಿ. ಸಿಗ್ನಲ್ ಇಲ್ಲದಿದ್ದರೂ ಇದನ್ನೇ ಮಾಡಿ; ಮೊಬೈಲ್ ಹೊಸದಾಗಿ ಟವರ್ ಹುಡುಕಿಕೊಳ್ಳುತ್ತದೆ.
• ಮನೆಯ ವೈಫೈ ಪೆಟ್ಟಿಗೆಯಾದರೆ ಪ್ಲಗ್ ಕಿತ್ತು ಅರ್ಧ ನಿಮಿಷ ಬಿಡಿ. ಹಾಕಿದ ಮೇಲೆ ಎರಡು ಮೂರು ನಿಮಿಷ ಕಾಯಿರಿ.
• ವಿಂಡೋಸ್ 8ರ ನಂತರದ ಕಂಪ್ಯೂಟರುಗಳಲ್ಲಿ 'ಶಟ್‌ಡೌನ್' ಮಾಡಿದರೂ ಹಳೆಯದು ಸ್ವಲ್ಪ ಉಳಿದಿರಬಹುದು. 'ರೀಸ್ಟಾರ್ಟ್' ಒತ್ತುವುದೇ ಸರಿ. ನಡೆಯುತ್ತಿರುವಾಗ ವೈರ್ ಕೀಳಬೇಡಿ, ಫೈಲು ಕೆಡಬಹುದು.

ಮೋಟಾರಿಗೆ ಈ ಮದ್ದು ಬೇಡ

ಇದೇ ಗುಂಗಿನಲ್ಲಿ ಬೋರ್‌ವೆಲ್ ಸ್ಟಾರ್ಟರ್ ಟ್ರಿಪ್ ಆದಾಗ ಪದೇ ಪದೇ ಗುಂಡಿ ಒತ್ತಬೇಡಿ. ಒಂದು ಫೇಸ್ ಹೋಗಿರಬಹುದು, ವೋಲ್ಟೇಜ್ ಇಳಿದಿರಬಹುದು, ನೀರು ಕೆಳಗೆ ಹೋಗಿರಬಹುದು. ಮೋಟಾರ್ ಉಳಿಯಲೆಂದೇ ಅದು ಟ್ರಿಪ್ ಆಗುವುದು. ಕಾರಣ ನೋಡದೆ ಚಾಲೂ ಮಾಡಿದರೆ ವೈಂಡಿಂಗ್ ಸುಡುತ್ತದೆ.

ಮೊಬೈಲಿನದೂ ಅಷ್ಟೇ. ದಿನಾ ಬಂದ್ ಮಾಡಿ ಚಾಲೂ ಮಾಡಬೇಕಾಗಿ ಬಂದರೆ ರೋಗ ಬೇರೆ ಇದೆ. ಜಾಗ ತುಂಬಿರಬಹುದು, ಬ್ಯಾಟರಿ ಸೋತಿರಬಹುದು. ಆಗ ತೋರಿಸಿ. ಆದರೆ ಅಂಗಡಿಯವರ ಕೈಗೆ ಕೊಡುವ ಮುಂಚೆ, "ಒಳಗಿನದು ಅಳಿಸಬೇಡಿ" ಎಂದು ಹೇಳಿ.

ನಾನಂತೂ ಈಗ ವಾರಕ್ಕೊಮ್ಮೆ ಬಂದ್ ಮಾಡಿ ಚಾಲೂ ಮಾಡುತ್ತೇನೆ. ಮಳೆ ಲೆಕ್ಕ ಮಾತ್ರ ಮತ್ತೆ ನೋಟ್‌ಬುಕ್ಕಿನಲ್ಲೂ ಬರೆದಿಡುತ್ತಿದ್ದೇನೆ.