ಜಾಗತೀಕರಣ: ಹರಡೋದು ಬೇರೆ, ಮುಟ್ಟೋದು ಬೇರೆ

ಇವತ್ತು ಒಂದೇ ಪದವನ್ನ ಧ್ಯಾನ ಮಾಡೋಣ: ಜಾಗತೀಕರಣ.

ಜಗತ್ತು, ಜಾಗತಿಕ, ಜಾಗತೀಕರಣ. ಕೊನೆಯಲ್ಲಿರೋ 'ಕರಣ' ಅಂದ್ರೆ ಮಾಡುವುದು. ವಿದ್ಯುದೀಕರಣ, ಗಣಕೀಕರಣ ಅಂತೀವಲ್ಲ, ಹಾಗೇ. 'ವಿಶ್ವವ್ಯಾಪಿ' ಅಂದ್ರೆ ಈಗಾಗಲೇ ಎಲ್ಲ ಕಡೆ ಹಬ್ಬಿರುವಂಥದ್ದು. 'ಜಾಗತೀಕರಣ' ಅಂದ್ರೆ ಯಾರೋ ಹಬ್ಬಿಸುವ ಕೆಲಸ. 1991ರ ಆರ್ಥಿಕ ಸುಧಾರಣೆಗಳಾದ ಮೇಲೆ ಈ ಪದವನ್ನ ನಾವು ಹೆಚ್ಚಾಗಿ ಮಾರುಕಟ್ಟೆಗೇ ಬಳಸ್ತೀವಿ. ಅದೇ ಸಾಮಾನು, ಅದೇ ಹೆಸರು, ಕುಷ್ಟಗಿಯಲ್ಲೂ ಲಂಡನ್‌ನಲ್ಲೂ.

ಸುವಾರ್ತೆಯನ್ನೂ ಹಾಗೇ ಹರಡಬೇಕಾ?

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನ ನೋಡಿದ್ದೀರಲ್ಲ? ಗಡಿಯಾಚೆಯವರಿಗೂ ತನ್ನ ಮಾತು ತಿಳಿಯಲಿ ಅಂತ ಕೆತ್ತಿಸಿದ್ದು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಬಂಡೆ ನಮ್ಮೂರಿನದೇ, ಆದರೆ ಎದುರಿಗೆ ನಿಂತರೂ ನಮಗೆ ಓದೋಕೆ ಬರಲ್ಲ.

ಈಗ ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ತೆಗೆಯಿರಿ. ಪಂಚಾಶತ್ತಮ ದಿನ ಯೆರೂಸಲೇಮಿನಲ್ಲಿ ಎಷ್ಟೋ ದೇಶಗಳ ಜನ ಸೇರಿದ್ದರು. ಪವಿತ್ರಾತ್ಮನು ಅವರಿಗೆಲ್ಲ ಒಂದೇ ಭಾಷೆ ಕಲಿಸಲಿಲ್ಲ. ದೇವರ ಮಹತ್ಕಾರ್ಯಗಳನ್ನ ಅವರವರ ಹುಟ್ಟುಭಾಷೆಯಲ್ಲೇ ಕೇಳಿಸಿದನು. ಅದಕ್ಕೇ, 1810ರಲ್ಲಿ ನಮ್ಮ ಪಕ್ಕದ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮೊದಲು ಕನ್ನಡ ಕಲಿತರು, ಆಮೇಲೆ ಬೈಬಲ್ ಅನುವಾದಕ್ಕೆ ಕೂತರು.

ನನ್ನದೇ ತಪ್ಪು ಹೇಳ್ತೀನಿ. ಬೈಬಲ್ ಕಾಲೇಜು ಮುಗಿಸಿ ಬಂದ ಹೊಸದರಲ್ಲಿ, ಯಲಬುರ್ಗಾ ಕಡೆ ಒಂದು ಮನೆಕೂಟದಲ್ಲಿ ಅರ್ಧ ಇಂಗ್ಲಿಷ್‌ನಲ್ಲೇ ಪ್ರಾರ್ಥನೆ ಮಾಡಿದೆ. ಹೊಲದ ಕೂಲಿ ಮುಗಿಸಿ ಬಂದಿದ್ದ ಒಬ್ಬ ತಾಯಿ ಕೊನೆಗೆ ಕೇಳಿದರು: "ಚಲೋ ಪ್ರಾರ್ಥನಾ ಮಾಡಿದ್ರಿ ಪಾಸ್ಟರ್ರೇ. ಆದ್ರ ನನ್ನ ಮಗನ ಜ್ವರದ್ದು ದೇವರ ಮುಂದ ಹೇಳಿದ್ರೇನ್ರಿ? ಆಮೆನ್ ಎಲ್ಲಿ ಅನ್ನಬೇಕಂತ ನನಗ ತಿಳೀಲಿಲ್ಲ."

ನಾನು ಆ ಹುಡುಗನ ಹೆಸರೇ ಎತ್ತಿರಲಿಲ್ಲ. ತಲೆ ತಗ್ಗಿಸಿದೆ. ಮತ್ತೆ ಮೊಣಕಾಲೂರಿ, ಆಕೆಯ ಮಾತಿನಲ್ಲೇ ಪ್ರಾರ್ಥಿಸಿದೆ. ಪ್ರತಿ ಮಾತಿಗೂ ಆಕೆ ಆಮೆನ್ ಅಂದರು.

ಪೌಲನು 1 ಕೊರಿಂಥ 14:16ರಲ್ಲಿ ಇದನ್ನೇ ಕೇಳ್ತಾನೆ: ನೀನು ಹೇಳಿದ್ದು ತಿಳಿಯದವನು ಆಮೆನ್ ಅನ್ನೋದು ಹೇಗೆ?

ಪ್ರಿಯರೇ, ನಿಮ್ಮ ವಾಟ್ಸಾಪ್ ಸ್ಟೇಟಸ್ ದುಬೈಯಲ್ಲಿರೋ ಗೆಳೆಯ ನೋಡ್ತಾನೆ, ಸಂತೋಷ. ಆದರೆ ಗಂಗಾವತಿಯ ಮನೆಯಲ್ಲಿರೋ ಅಜ್ಜಿಗೆ ನಿಮ್ಮ ಸಾಕ್ಷಿ ತಿಳಿದಿದೆಯಾ? ಕರ್ತನು ಭೂಮಿಯ ಕೊನೆಯ ತನಕ ಕಳಿಸುವಾಗಲೂ ಯೆರೂಸಲೇಮಿನಿಂದಲೇ ಶುರುಮಾಡಿಸಿದನು. ಈ ವಾರ ಅಜ್ಜಿಯ ಹತ್ತಿರ ಕೂತು, ಅವರ ಮಾತಿನಲ್ಲೇ ಹೇಳಿರಿ, ಅವರಿಗಾಗಿ ಪ್ರಾರ್ಥಿಸಿರಿ.

ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.