‘ಹವಾಮಾನ ನಿಧಿ’ಗೆ ಅರ್ಜಿ ಬೇಡ, ಊರಿನ ಯೋಜನೆಯಲ್ಲಿ ಸಾಲು ಬರೆಸಿ

ಕರ್ನೂಲು ಜಿಲ್ಲೆಯ ದೇವನಕೊಂಡ, ಆಸ್ಪರಿ, ಆಲೂರು, ಹೊಳಗುಂದ ಕಡೆಯ ಹಳ್ಳಿಗಳಲ್ಲಿ ಒಂದು ತಪ್ಪು ರೂಢಿಯಾಗುತ್ತಿದೆ. ಮಳೆ ಕೈಕೊಟ್ಟ ವರ್ಷ ಓದು ಬಲ್ಲವರೊಬ್ಬರು ಕೂತು, ‘ನಮ್ಮ ಪಂಚಾಯಿತಿಗೆ ಹವಾಮಾನ ಬದಲಾವಣೆ ನಿಧಿಯಿಂದ ಹಣ ಮಂಜೂರು ಮಾಡಬೇಕು’ ಎಂದು ಮನವಿ ಬರೆದು, ಊರವರ ಸಹಿ ಹಾಕಿಸಿ ಕರ್ನೂಲಿಗೆ ಕಳಿಸುತ್ತಾರೆ. ಅದಕ್ಕೆ ಉತ್ತರ ಬರುವುದಿಲ್ಲ, ಏಕೆಂದರೆ ಪಂಚಾಯಿತಿ ನೇರವಾಗಿ ಕೈಹಾಕಬಹುದಾದ ಆ ಹೆಸರಿನ ಖಾತೆಯೇ ಇಲ್ಲ. ಕೇಂದ್ರವು 2015ರಲ್ಲಿ ತೆರೆದ ರಾಷ್ಟ್ರೀಯ ಹವಾಮಾನ ಹೊಂದಾಣಿಕೆ ನಿಧಿಯೂ ನಬಾರ್ಡ್ ಮೂಲಕ ರಾಜ್ಯಗಳ ಯೋಜನೆಗಳಿಗೆ ಹೋಯಿತೇ ಹೊರತು ಪಂಚಾಯಿತಿಗಲ್ಲ.

ಹಾಗೆಂದು ಹಣ ಇಲ್ಲವೆಂದಲ್ಲ. ನೀರು, ನೈರ್ಮಲ್ಯ, ಕೂಲಿ ಕೆಲಸ, ಸೌರಶಕ್ತಿ ಎಂಬ ಬೇರೆ ಹೆಸರುಗಳಲ್ಲಿ ಇದೆ. ಆ ಹಣದಲ್ಲಿ ಬರ, ಬಿಸಿಲು, ನೆರೆ ತಡೆಯುವ ಕೆಲಸಗಳನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ, ಅಂದರೆ ಜಿಪಿಡಿಪಿಯಲ್ಲಿ, ಬರೆಸಬೇಕು. ಅದೇ ಊರಿನ ಹವಾಮಾನ ಯೋಜನೆ. ಕನ್ಸಲ್ಟೆಂಟ್ ಹಿಡಿದು ಬಣ್ಣದ ಪುಸ್ತಕ ಮಾಡಿಸುವ ಅಗತ್ಯ ಖಂಡಿತ ಇಲ್ಲ.

1. ಮೊದಲು ಹಣದ ಪಟ್ಟಿ

ಈ ವರ್ಷ ಯಾವ ಯಾವ ಲೆಕ್ಕದಲ್ಲಿ ಎಷ್ಟು ಬರುತ್ತದೆ, ಹೋದ ವರ್ಷದ್ದು ಎಷ್ಟು ಉಳಿದಿದೆ ಎಂಬುದನ್ನು ಪಂಚಾಯಿತಿ ಕಾರ್ಯದರ್ಶಿಯಿಂದ ಬರೆಸಿಕೊಳ್ಳಿ. ಬಾಯಿಮಾತು ಸಾಲದು. ಎರಡು ಪ್ರಶ್ನೆ ಮರೆಯಬೇಡಿ: ಲೆಕ್ಕಪತ್ರ ಆನ್‌ಲೈನ್‌ಗೆ ಹೋಗಿದೆಯೇ, ಆಡಿಟ್ ಮುಗಿದಿದೆಯೇ? 15ನೇ ಹಣಕಾಸು ಆಯೋಗದ ಅವಧಿಯಲ್ಲಿ (2021–26) ಇವೆರಡೂ ಅನುದಾನದ ಷರತ್ತುಗಳಾಗಿದ್ದವು. ಚುನಾಯಿತ ಮಂಡಳಿ ಇರಬೇಕೆಂಬುದು ಮೂರನೆಯದು. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ ಶುರು. ಹಳೆಯ ಪ್ರಮಾಣಗಳನ್ನೇ ನಂಬಿ ಕೂರದೆ ಈ ವರ್ಷದ ಆದೇಶದ ಪ್ರತಿ ಕೇಳಿ ಪಡೆಯಿರಿ.

2. ನೀರಿನ ದಾರಿ ನಡೆದು ನೋಡಿ

ಒಂದು ಒಳ್ಳೆಯ ಮಳೆಯಾದ ಮರುದಿನ ಹಿರಿಯ ರೈತರು, ಡ್ವಾಕ್ರಾ ಸ್ವಸಹಾಯ ಗುಂಪಿನ ಹೆಂಗಸರು, ನೀರು ಬಿಡುವಾತ ಒಟ್ಟಿಗೆ ಹೊರಡಲಿ. ಕೆರೆಗೆ ನೀರು ತರುವ ಕಾಲುವೆ ಎಲ್ಲಿ ಒತ್ತುವರಿಯಾಗಿದೆ, ಕುಡಿಯುವ ನೀರಿನ ಯಾವ ಬೋರು ಯಾವ ತಿಂಗಳು ಬತ್ತುತ್ತದೆ, ಯಾವ ಕೇರಿಗೆ ಮಳೆನೀರು ನುಗ್ಗುತ್ತದೆ ಎಂಬುದನ್ನೆಲ್ಲ ಬರೆದುಕೊಳ್ಳಿ. 2009ರ ಅಕ್ಟೋಬರ್‌ನಲ್ಲಿ ಕರ್ನೂಲು, ಮಂತ್ರಾಲಯ ಮುಳುಗಿದ್ದನ್ನು ಕಂಡವರಿಗೆ ಬರದ ಸೀಮೆಗೂ ನೆರೆ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಹಂದ್ರಿ–ನೀವಾ ಕಾಲುವೆ ನೀರು ಬಂದರೆ ಎಲ್ಲ ಸರಿಹೋಗುತ್ತದೆಂದು ಕಾಯುವುದು ಯೋಜನೆಯಲ್ಲ.

3. ಟೈಡ್ ಯಾವುದು, ಅನ್‌ಟೈಡ್ ಯಾವುದು

ಹೆಚ್ಚಿನ ಊರುಗಳು ಮುಗ್ಗರಿಸುವುದು ಇಲ್ಲಿಯೇ. ಆದ್ದರಿಂದ ನಿಧಾನವಾಗಿ ಓದಿ.

15ನೇ ಆಯೋಗದ ಅನುದಾನದಲ್ಲಿ 100 ರೂಪಾಯಿ ಬಂದರೆ 60 ರೂಪಾಯಿ ಟೈಡ್, ಅಂದರೆ ನಿಗದಿತ ಕೆಲಸಕ್ಕೇ ಮೀಸಲು, 40 ಅನ್‌ಟೈಡ್ ಆಗಿತ್ತು. ಟೈಡ್ ಹಣದಲ್ಲಿ 30 ನೈರ್ಮಲ್ಯಕ್ಕೆ, ಉಳಿದ 30 ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ಅನ್‌ಟೈಡ್ ಹಣವನ್ನು ಊರಿನ ಯಾವ ಅಗತ್ಯಕ್ಕೂ ಬಳಸಬಹುದಿತ್ತು, ಸಂಬಳ ಮತ್ತು ಕಚೇರಿ ಖರ್ಚಿಗೆ ಮಾತ್ರ ಕೂಡದಿತ್ತು.

ಜನ ಮಾಡುವುದೇನು? ‘ಹವಾಮಾನ’ ಎಂದ ಕೂಡಲೇ ಅದು ಹೊಸ ವಿಷಯ, ಅನ್‌ಟೈಡ್‌ನಲ್ಲೇ ಹಾಕಬೇಕು ಎಂದುಕೊಳ್ಳುತ್ತಾರೆ. ಅನ್‌ಟೈಡ್ ಹಣಕ್ಕೆ ಬೀದಿದೀಪ, ಸಿಮೆಂಟ್ ರಸ್ತೆ, ಮೋರಿ ಎಲ್ಲವೂ ಕಾದು ನಿಂತಿರುತ್ತವೆ. ರಸ್ತೆಯ ಎದುರು ಇಂಗುಗುಂಡಿ ಎಂದೂ ಗೆದ್ದದ್ದಿಲ್ಲ. ಇತ್ತ ನೀರಿಗೆಂದೇ ಮೀಸಲಾದ ಟೈಡ್ ಹಣ ಪೈಪು, ಮೋಟಾರು ರಿಪೇರಿಗೆ ಸ್ವಲ್ಪ ಖರ್ಚಾಗಿ, ಉಳಿದದ್ದು ಖಾತೆಯಲ್ಲೇ ಮಲಗಿರುತ್ತದೆ.

ಒಂದು ಉದಾಹರಣೆ ನೋಡಿ. ಯೋಜನೆಯಲ್ಲಿ ‘ಪರಿಸರ ಸಂರಕ್ಷಣೆ ಮತ್ತು ಕೆರೆ ಅಭಿವೃದ್ಧಿ’ ಎಂದು ಬರೆದರೆ ಅದು ಯಾವ ಲೆಕ್ಕಕ್ಕೂ ಕೂರುವುದಿಲ್ಲ. ಎಂಜಿನಿಯರ್ ಅಂದಾಜುಪಟ್ಟಿ ಮಾಡುವುದಕ್ಕೂ ಏನೂ ಸಿಗುವುದಿಲ್ಲ. ಅದೇ ಕೆಲಸವನ್ನು ಹೀಗೆ ಒಡೆಯಿರಿ: ‘ಶಾಲೆಯ ಚಾವಣಿಯ ಮಳೆನೀರನ್ನು ಪೈಪಿನಿಂದ ಇಳಿಸಿ, ಪಕ್ಕದ ಕುಡಿಯುವ ನೀರಿನ ಬೋರಿಗೆ ಇಂಗಿಸುವುದು.’ ಇದು ಟೈಡ್, ನೀರಿನ ಭಾಗ. ‘ಕೈತೊಳೆಯುವ ಜಾಗದ ಬಚ್ಚಲ ನೀರಿಗೆ ಇಂಗುಗುಂಡಿ.’ ಇದು ಟೈಡ್, ನೈರ್ಮಲ್ಯದ ಭಾಗ. ‘ಕೆರೆಗೆ ಬರುವ ಕಾಲುವೆಯ ಹೂಳು, ಇಂಥ ಸೇತುವೆಯಿಂದ ಇಂಥ ತೂಬಿನವರೆಗೆ.’ ಇದು ಕೂಲಿ ಕೆಲಸದ ಯೋಜನೆಗೆ (6ನೇ ಭಾಗ ನೋಡಿ). ಹೊಲದ ಕೃಷಿಹೊಂಡವೂ ಅಲ್ಲಿಗೇ. ಹೀಗೆ ಒಡೆದರೆ ರಸ್ತೆಯೊಂದಿಗೆ ಪೈಪೋಟಿಯೇ ಇರುವುದಿಲ್ಲ.

ಪ್ರತಿ ಕೆಲಸಕ್ಕೂ ಜಾಗ, ಅಳತೆ, ಲಾಭ ಬರೆಯಿರಿ. 100 ಚದರ ಮೀಟರ್ ಚಾವಣಿ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದು ಹಿಡಿದರೆ ಬೀಳುವುದು 60 ಸಾವಿರ ಲೀಟರ್. ಸೋರಿ, ಆವಿಯಾಗಿ ಐದನೇ ಒಂದು ಭಾಗ ಹೋದರೂ 48 ಸಾವಿರ ಲೀಟರ್ ಉಳಿಯಿತು. ಈ ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳಿದರೆ ತಕರಾರು ಮಾಡುವವರು ಕಡಿಮೆ.

ಇನ್ನೊಂದು ಮಾತು. ಟೈಡ್‌ನ ಒಂದು ಭಾಗದ ಅಗತ್ಯವೆಲ್ಲ ಪೂರೈಸಿದ್ದರೆ ಆ ಹಣವನ್ನು ಇನ್ನೊಂದು ಭಾಗಕ್ಕೆ ಬಳಸಲು 15ನೇ ಆಯೋಗ ಅವಕಾಶ ಕೊಟ್ಟಿತ್ತು. ಆದರೆ ಪೂರೈಸಿದೆ ಎಂದು ಗ್ರಾಮಸಭೆಯೇ ದೃಢೀಕರಿಸಬೇಕಿತ್ತು, ಕಾರ್ಯದರ್ಶಿಯ ಸಹಿ ಸಾಲದಾಗಿತ್ತು.

ಗಿಡ ನೆಡುವುದನ್ನು ಬೇಕೆಂದೇ ಪಟ್ಟಿಯ ಕೊನೆಗೆ ಇಟ್ಟಿದ್ದೇನೆ. ಫೋಟೊ ಮುಗಿದ ಮೇಲೆ ನೀರು ಹಾಕುವವರಿಲ್ಲದ ಸಸಿಗೆ ದುಡ್ಡು ಸುರಿಯುವುದು ವ್ಯರ್ಥ. ನೆಡುವುದಾದರೆ ಬೇವು, ಹೊಂಗೆ, ಹುಣಸೆ ನೆಡಿ. ಎರಡು ಬೇಸಿಗೆಯ ಕಾವಲು ಮತ್ತು ನೀರಿನ ಖರ್ಚನ್ನು ಅದೇ ಸಾಲಿನಲ್ಲಿ ಸೇರಿಸಿ.

4. ವಲಸೆಗೆ ಮುಂಚೆ ಗ್ರಾಮಸಭೆ

ಮುಂದಿನ ವರ್ಷದ ಯೋಜನೆಯ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ಕ್ಕೆ ಶುರುವಾಗುತ್ತದೆ. ಜನವರಿಯವರೆಗೆ ಎಳೆಯಬೇಡಿ. ಅಷ್ಟರಲ್ಲಿ ನಮ್ಮ ಕಡೆಯ ಕೂಲಿ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಕೊಯ್ಲಿಗೆ ಗುಂಟೂರಿನ ಕಡೆ ಹೊರಟುಹೋಗಿರುತ್ತವೆ. ಬರದ ಹೊಡೆತ ಮೊದಲು ತಿನ್ನುವವರೇ ಸಭೆಯಲ್ಲಿ ಇರುವುದಿಲ್ಲ.

ತಲೆ ಎಣಿಕೆಯಿಂದಲೇ ಕೆಲಸ ಆಗುವುದಿಲ್ಲ. 2024ರ ಆಗಸ್ಟ್ 23ರಂದು ಆಂಧ್ರದ 13,326 ಪಂಚಾಯಿತಿಗಳಲ್ಲಿ ಒಂದೇ ದಿನ ಗ್ರಾಮಸಭೆ ನಡೆಯಿತು. ದಾಖಲೆ ಎಂದು ಸುದ್ದಿಯೂ ಆಯಿತು. ನಿಮ್ಮ ಊರಿಗೆ ಅದರಿಂದ ಏನು ಸಿಕ್ಕಿತು ಎಂಬುದು ನಡಾವಳಿಯಲ್ಲಿ ಬರೆದ ಸಾಲಿನ ಮೇಲೆ ನಿಂತಿದೆ. ಅದೇ ವರ್ಷ ನವೆಂಬರ್‌ನಲ್ಲಿ ಯುರೇನಿಯಂ ಶೋಧದ ವಿರುದ್ಧ ದೇವನಕೊಂಡ ಮಂಡಲದ ಕಪ್ಪಟ್ರಾಳ್ಳ ಸುತ್ತಿನ ಜನ ರಸ್ತೆಗಿಳಿದರು. ಅಂಥ ಒಗ್ಗಟ್ಟು ವರ್ಷಕ್ಕೊಮ್ಮೆ ಯೋಜನೆಯ ಸಭೆಯಲ್ಲೂ ಕಾಣಬೇಕು.

ಕನ್ನಡ ಮನೆಮಾತಿನವರಿಗೆ ಎಚ್ಚರಿಕೆ: ಸಭೆಯಲ್ಲಿ ಮಾತು ಕನ್ನಡದಲ್ಲಿ ಆದರೂ ನಡಾವಳಿ ತೆಲುಗಿನಲ್ಲಿ ಇರುತ್ತದೆ. ನಿಮ್ಮ ಕೆಲಸದ ಸಾಲನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಠರಾವಿನ ಫೋಟೊ ಮೊಬೈಲಿನಲ್ಲಿ ಇರಲಿ.

5. ಪೋರ್ಟಲ್‌ನಲ್ಲಿ ನೋಡಿ

ಠರಾವು ಆದದ್ದೆಲ್ಲ ಇ-ಗ್ರಾಮಸ್ವರಾಜ್‌ಗೆ ಏರುವುದಿಲ್ಲ. ಅಲ್ಲಿ ಏರದ ಕೆಲಸಕ್ಕೆ ಹಣ ಪಾವತಿಯೂ ಇಲ್ಲ. ‘ಮೇರಿ ಪಂಚಾಯತ್’ ಆ್ಯಪ್‌ನಲ್ಲಿ ನಿಮ್ಮ ಊರಿನ ಯೋಜನೆ ತೆರೆದು ಸಾಲು ಸಾಲಾಗಿ ತಾಳೆ ನೋಡಿ. 2024ರ ಅಕ್ಟೋಬರ್‌ನಿಂದ ಪಂಚಾಯಿತಿ ಮಟ್ಟದ ಹವಾಮಾನ ಮುನ್ಸೂಚನೆಯೂ ಅದೇ ಆ್ಯಪ್‌ನಲ್ಲಿ ಸಿಗುತ್ತಿದೆ.

6. ಇತರ ಮೂಲಗಳು

ಕೂಲಿ ಕೆಲಸ: 2005ರ ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ 125 ದಿನಗಳ ಹೊಸ ಕಾಯ್ದೆ ಅಂಗೀಕರಿಸಿತು. ಅದರ ನಾಲ್ಕು ಕಾಮಗಾರಿ ಗುಂಪುಗಳಲ್ಲಿ ಒಂದು ನೀರಿನ ಭದ್ರತೆ, ಇನ್ನೊಂದು ಹವಾಮಾನದ ವಿಪರೀತಗಳನ್ನು ತಡೆಯುವ ಕೆಲಸ. ಅಲ್ಲೂ ಕಾಮಗಾರಿ ಊರಿನ ಯೋಜನೆಯಿಂದಲೇ ಹುಟ್ಟಬೇಕು.

ಸೌರಶಕ್ತಿ: ಪಿಎಂ ಸೂರ್ಯಘರ್‌ನಲ್ಲಿ ಮನೆಗೆ ಗರಿಷ್ಠ 78,000 ರೂ. ಸಬ್ಸಿಡಿ ಇರುವುದು ಎಲ್ಲರಿಗೂ ಗೊತ್ತು. ತನ್ನ ವ್ಯಾಪ್ತಿಯ ಪ್ರತಿ ಮನೆ ಚಾವಣಿ ಘಟಕಕ್ಕೆ ಸ್ಥಳೀಯ ಸಂಸ್ಥೆಗೂ 1,000 ರೂ. ಪ್ರೋತ್ಸಾಹಧನವಿದೆ ಎಂಬುದು ಸರ್ಪಂಚರಿಗೇ ಗೊತ್ತಿರುವುದು ಕಡಿಮೆ.

ವಿಪತ್ತು ತಗ್ಗಿಸುವ ನಿಧಿ: ಪಂಚಾಯಿತಿಗೆ ನೇರ ದಾರಿಯಿಲ್ಲ, ಕಲೆಕ್ಟರ್ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮೂಲಕ ಹೋಗಬೇಕು.

ಪ್ರಶಸ್ತಿ: 2025ರಲ್ಲಿ ಹಾಸನ ಜಿಲ್ಲೆಯ ಬಿರಡಹಳ್ಳಿ ಪಂಚಾಯಿತಿ ಹವಾಮಾನ ಕ್ರಮಕ್ಕಾಗಿ ಕೇಂದ್ರದ ವಿಶೇಷ ಪ್ರಶಸ್ತಿಯಲ್ಲಿ ಎರಡನೇ ಸ್ಥಾನ ಪಡೆಯಿತು. ಹೋಗಿ ನೋಡಿಬರಲು ಯೋಗ್ಯ.

ಆದೋನಿ ಪಟ್ಟಣದವರಿಗೆ: ನಗರಗಳ ಹವಾಮಾನ ಕಾಮಗಾರಿಗೆ 2023ರಲ್ಲಿ ಬಂದ ಸಿಟೀಸ್ 2.0 ಯೋಜನೆಯ ದೊಡ್ಡ ಹಣ 18 ಸ್ಮಾರ್ಟ್ ಸಿಟಿಗಳಿಗೆ, ಆದೋನಿಯಂಥ ಪುರಸಭೆಗಲ್ಲ. ನಗರಗಳ ನೀರಿನ ಯೋಜನೆಯಾದ ಅಮೃತ್ 2.0 ಮಾತ್ರ ಎಲ್ಲ ಪಟ್ಟಣಗಳನ್ನೂ ಒಳಗೊಂಡಿತು. ಕೌನ್ಸಿಲರನ್ನು ಕಂಡಾಗ ಕೇಳಬೇಕಾದ್ದು ಅದರ ನೀರಿನ ಲೆಕ್ಕದ ಯೋಜನೆ ಮತ್ತು ಕೆರೆ ಪುನಶ್ಚೇತನದ ಪಟ್ಟಿ.